ಮನೆಯ ಗಣಕಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ನೆಲೆಗೊಳಿಸುವ ಕ್ರಮ

ಕಲಾಯಿ ಹೋಯಿತೆಂಬ ಕಾರಣದಿಂದ ಹಿತ್ತಾಳೆಯ ಪಾತ್ರೆಯನ್ನು ಯಾವ ಗೃಹಿಣಿಯೂ ಬಿಸುಡುವದಿಲ್ಲ. ಕಲಾಯಿಗಾರನನ್ನು ಕರೆಯಿಸಿ, ಹೊಸದಾಗಿ ಕಲಾಯಿ ಹಾಕಿಸಿ, ಅದೇ ಪಾತ್ರೆಯನ್ನು ಮತ್ತೆ ಹಲವು ವರುಷ ಬಳಸುವಳು. ಪಾತ್ರೆಯ ಲೋಹವು ಬೇರೆ, ಅದರ ಒಳಮೈಗೆ ಹಚ್ಚಿದ ತವರವು ಬೇರೆ ಎಂಬ ವಿವೇಕವು ಆಕೆಗೆ ಇರುವದು. ಆದರೆ ಮನೆಯ ಮೂಲೆಯಲ್ಲಿರುವ ಗಣಕಯಂತ್ರದ ವಿಷಯದಲ್ಲಿ ಈ ವಿವೇಕವು ನಮ್ಮನ್ನು ಬಿಟ್ಟುಹೋಗುತ್ತದೆ. ಅದರೊಳಗಿನ ವ್ಯವಸ್ಥೆಯು ಹಳತಾಯಿತೆಂದು ಅಂಗಡಿಯವನು ಹೇಳಿದ ಕೂಡಲೇ ಯಂತ್ರವೇ ಹಳತಾಯಿತೆಂದು ನಂಬಿ, ಅದನ್ನು ಗುಜರಿಗೆ ಹಾಕಿ, ಹೊಸದಕ್ಕೆ ಹಣವನ್ನು ಹೊಂದಿಸಲು ತೊಡಗುವೆವು.

ಈ ಪ್ರಶ್ನೆಯು ಈಗ ಅನೇಕ ಕುಟುಂಬಗಳ ಬಾಗಿಲಿಗೆ ಬಂದು ನಿಂತಿದೆ. ಮೈಕ್ರೋಸಾಫ್ಟ್ ಸಂಸ್ಥೆಯವರು 2015ರ ಜುಲೈ 29ರಂದು ಹೊರತಂದ ವಿಂಡೋಸ್ 10 ಎಂಬ ವ್ಯವಸ್ಥೆಗೆ 2025ರ ಅಕ್ಟೋಬರ್ 14ರಂದು ತಮ್ಮ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿದರು. ಹೆಸರು ನೋಂದಿಸಿಕೊಂಡ ಮನೆಬಳಕೆಯವರಿಗೆ ಮತ್ತೊಂದು ವರುಷ, ಎಂದರೆ 2026ರ ಅಕ್ಟೋಬರ್ 13ರ ವರೆಗೆ, ರಕ್ಷಣೆಯ ತಿದ್ದುಪಡಿಗಳನ್ನು ಕೊಡುವದಾಗಿ ಪ್ರಕಟಿಸಿದರು. ಅದರ ಮುಂದಿನ ವಿಂಡೋಸ್ 11, 2021ರ ಅಕ್ಟೋಬರಿನಲ್ಲಿ ಬಂದಿತು. ಆದರೆ ಅದಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ಅಂಗವೂ, ಇಂಟೆಲ್ ಕಂಪನಿಯದಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಅಥವಾ ತರುವಾಯದ ಸಂಸ್ಕಾರಕವೂ ಬೇಕೆಂದು ನಿಯಮವಿರುವದರಿಂದ, ಚೆನ್ನಾಗಿ ನಡೆಯುತ್ತಿರುವ ಅಸಂಖ್ಯ ಯಂತ್ರಗಳು ಅನರ್ಹವಾದವು. ಕನಾಲಿಸ್ ಎಂಬ ಸಂಶೋಧನ ಸಂಸ್ಥೆಯವರು 2023ರಲ್ಲಿ ಮಾಡಿದ ಅಂದಾಜಿನಂತೆ, ಈ ಕಾರಣದಿಂದ ಲೋಕದಲ್ಲಿ ಸುಮಾರು 24 ಕೋಟಿ ಗಣಕಯಂತ್ರಗಳು ಕಸದ ರಾಶಿಗೆ ಸೇರುವ ಸಂಭವವಿತ್ತು. ಕೀಲಿಮಣೆಯು ಸವೆಯದೆ, ತೆರೆಯು ಮಂಕಾಗದೆ ಇರುವ ಯಂತ್ರವನ್ನು ಹೀಗೆ ತ್ಯಜಿಸಬೇಕೇ? ಬೇರೆ ಮಾರ್ಗವೊಂದುಂಟು. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ತಿಳಿಯುವಂತೆ ವಿವರಿಸುವದೇ ಈ ಲೇಖನದ ಉದ್ದೇಶ.

ವ್ಯವಸ್ಥೆಯೆಂದರೆ ಏನು?

ಗಣಕಯಂತ್ರವು ತಾನಾಗಿ ಏನನ್ನೂ ಅರಿಯದು. ಕೀಲಿಯನ್ನು ಒತ್ತಿದಾಗ ಅಕ್ಷರವನ್ನು ತೆರೆಯ ಮೇಲೆ ತೋರಿಸುವದು, ಬರೆದುದನ್ನು ಕಾದಿಡುವದು, ಮುದ್ರಣಯಂತ್ರಕ್ಕೆ ಕಳುಹಿಸುವದು, ಏಕಕಾಲದಲ್ಲಿ ನಡೆಯುವ ಹಲವು ಕೆಲಸಗಳಿಗೆ ಸರದಿಯನ್ನು ಹಂಚುವದು ಇವೆಲ್ಲವನ್ನೂ ನೋಡಿಕೊಳ್ಳುವ ಮೂಲ ತಂತ್ರಾಂಶವೊಂದು ಇರಬೇಕು. ಇದಕ್ಕೆ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ, ಎಂದು ಹೆಸರು. ದೊಡ್ಡ ಮನೆಯೊಂದರಲ್ಲಿ ಉಗ್ರಾಣದ ಬೀಗದ ಕೈಗಳನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು, ಯಾರಿಗೆ ಏನು ಬೇಕೋ ಅಳೆದು ಕೊಡುವ ಹಿರಿಯಳ ಸ್ಥಾನವು ಇದರದು. ಪತ್ರ ಬರೆಯುವ, ಚಿತ್ರ ನೋಡುವ, ಅಂತರ್ಜಾಲಕ್ಕೆ ಹೋಗುವ ಬೇರೆ ಬೇರೆ ತಂತ್ರಾಂಶಗಳು ಆಕೆಯನ್ನು ಕೇಳಿಯೇ ನಡೆಯತಕ್ಕವು. ಯಂತ್ರವು ಅದೇ ಇದ್ದರೂ ಈ ಹಿರಿಯಳು ಬದಲಾಗಬಹುದು. ವಿಂಡೋಸ್ ಅಂಥ ವ್ಯವಸ್ಥೆಗಳಲ್ಲಿ ಒಂದು; ಲಿನಕ್ಸ್ ಮತ್ತೊಂದು.

ಯೂನಿಕ್ಸಿನ ವಂಶ

ಲಿನಕ್ಸ್ ಎಂಬದು ಯೂನಿಕ್ಸ್ ಎಂಬ ಹಳೆಯ ಮನೆತನದ ರೀತಿನೀತಿಗಳನ್ನು ಅನುಸರಿಸುವ ವ್ಯವಸ್ಥೆ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬವರು ಪಿಡಿಪಿ-7 ಎಂಬ ಚಿಕ್ಕ ಗಣಕದ ಮೇಲೆ ಯೂನಿಕ್ಸನ್ನು ರಚಿಸಲು ಆರಂಭಿಸಿದರು. ಡೆನ್ನಿಸ್ ರಿಚಿ ಎಂಬವರು ಅವರಿಗೆ ಜತೆಯಾದರು. ರಿಚಿಯವರು ನಿರ್ಮಿಸಿದ ಸಿ ಎಂಬ ಭಾಷೆಯಲ್ಲಿ 1973ರಲ್ಲಿ ಅದನ್ನು ಮರಳಿ ಬರೆದುದರಿಂದ ಒಂದು ಯಂತ್ರದಿಂದ ಇನ್ನೊಂದು ಬಗೆಯ ಯಂತ್ರಕ್ಕೆ ಒಯ್ಯುವದು ಸುಲಭವಾಯಿತು. ಒಂದೊಂದು ತಂತ್ರಾಂಶವು ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು, ಅಂಥ ಚಿಕ್ಕ ಚಿಕ್ಕವುಗಳನ್ನು ಕೂಡಿಸಿ ದೊಡ್ಡ ಕೆಲಸವನ್ನು ಸಾಧಿಸಬೇಕು ಎಂಬದು ಆ ಮನೆತನದ ನೀತಿ. ಹಲವರು ಒಂದೇ ಯಂತ್ರವನ್ನು ಬಳಸುವರೆಂಬದು ಆರಂಭದಿಂದಲೂ ಗೊತ್ತಿದ್ದುದರಿಂದ, ಒಬ್ಬರ ಕಡತವನ್ನು ಇನ್ನೊಬ್ಬರು ಕೆಡಿಸದಂತೆ ಕಾಯುವ ಏರ್ಪಾಡೂ ಅದರಲ್ಲಿ ಮೊದಲಿನಿಂದಲೇ ಬೆಳೆಯಿತು.

ಯೂನಿಕ್ಸಿಗೆ ಒಡೆಯರಿದ್ದರು, ಅದರ ಮೂಲಲಿಪಿಯು ಎಲ್ಲರಿಗೂ ದೊರೆಯುವಂತಿರಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು, ಯೂನಿಕ್ಸಿನಂತೆಯೇ ನಡೆಯುವ ಆದರೆ ಎಲ್ಲರಿಗೂ ಸ್ವತಂತ್ರವಾಗಿ ಸಲ್ಲುವ ವ್ಯವಸ್ಥೆಯೊಂದನ್ನು ಕಟ್ಟುವೆನೆಂದು ಸಾರಿ, ಅದಕ್ಕೆ ಗ್ನು ಎಂದು ಹೆಸರಿಟ್ಟರು. ಅದರ ಅನೇಕ ಅಂಗಗಳು ಸಿದ್ಧವಾದವು. ಆದರೆ ತಿರುಳು ಮಾತ್ರ ಸಿದ್ಧವಾಗಿರಲಿಲ್ಲ. ಹೀಗಿರಲಾಗಿ 1991ರ ಆಗಸ್ಟ್ 25ರಂದು ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಅಂಥ ತಿರುಳನ್ನು ರಚಿಸುತ್ತಿರುವದಾಗಿ ಇತರರಿಗೆ ತಿಳಿಸಿದನು. ಅದೇ ಲಿನಕ್ಸ್. ಮರುವರುಷ, 1992ರಲ್ಲಿ, ಅವನು ಅದನ್ನು ಗ್ನುವಿನ ಸಾರ್ವಜನಿಕ ಪರವಾನಗಿಯ ಕೆಳಗೆ ತಂದನು. ಎರಡೂ ಕೂಡಿಕೊಂಡು ಪೂರ್ಣ ವ್ಯವಸ್ಥೆಯಾದವು.

ಈ ಪರವಾನಗಿಯ ಅರ್ಥವನ್ನು ನಮ್ಮ ಹೆಂಗಸರಿಗೆ ತಿಳಿಸುವದು ಕಷ್ಟವಲ್ಲ. ಮೊಸರಿಗೆ ಹೆಪ್ಪು ಇಲ್ಲದ ದಿನ ನೆರೆಮನೆಯಿಂದ ಒಂದು ಚಮಚ ತರುವೆವು. ಕೊಟ್ಟವರಿಗೆ ಅದರಿಂದ ನಷ್ಟವಿಲ್ಲ. ತಂದವರ ಮನೆಯಲ್ಲಿ ಗಡಿಗೆಯಷ್ಟು ಮೊಸರಾಗುವದು. ನಾಳೆ ಮತ್ತೊಬ್ಬರು ನಮ್ಮ ಬಾಗಿಲಿಗೆ ಬಂದಾಗ ನಾವೂ ಇಲ್ಲವೆನ್ನಬಾರದು. ಲಿನಕ್ಸಿನ ಪರವಾನಗಿಯೂ ಹಾಗೆಯೇ: ಯಾರಾದರೂ ಬಳಸಬಹುದು, ಮೂಲಲಿಪಿಯನ್ನು ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವಾಗ ತಾನು ಪಡೆದ ಈ ಹಕ್ಕುಗಳನ್ನೇ ಪಡೆಯುವವರಿಗೂ ಕೊಡಬೇಕು. ಈ ಕಾರಣದಿಂದಲೇ ಇದು ಮೂವತ್ತು ವರುಷಗಳಲ್ಲಿ ಲೋಕವೆಲ್ಲ ಹರಡಿತು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳು ಲಿನಕ್ಸೇ. 2017ರ ನವೆಂಬರಿನ ಪಟ್ಟಿಯಿಂದೀಚೆಗೆ ಲೋಕದ ಅತಿವೇಗದ 500 ಮಹಾಗಣಕಗಳೆಲ್ಲವೂ ಲಿನಕ್ಸಿನಿಂದಲೇ ನಡೆಯುತ್ತಿವೆ. ಆದುದರಿಂದ ಇದು ಅಗ್ಗದ ಬದಲಿ ಸಾಮಾನೆಂದು ಯಾರೂ ತಿಳಿಯಬಾರದು.

ನಮ್ಮ ನೆರೆಯ ಕೇರಳದಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಗಣಕಶಿಕ್ಷಣವು ಬಹುಕಾಲದಿಂದ ಇಂಥ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಯುತ್ತಿದೆ. 2001ರಲ್ಲಿ ಐಟಿ@ಸ್ಕೂಲ್ ಎಂಬ ಹೆಸರಿನಿಂದ ಆರಂಭವಾದ ಆ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನ ಮುಂದೆ ಕುಳಿತೇ ಈ ಪಾಠವನ್ನು ಕಲಿಯುವರು. ಹಳ್ಳಿಯ ಶಾಲೆಯ ಬಾಲಿಕೆಯು ಕಲಿಯುವದನ್ನು ನಾವು ಕಲಿಯಲಾರೆವೆಂದು ಹೇಳುವದು ಯುಕ್ತವಲ್ಲ.

ಯಾರು ಬದಲಿಸಬಾರದು?

ಗುಣವನ್ನು ಮಾತ್ರ ಹೇಳಿ ದೋಷವನ್ನು ಮುಚ್ಚಿಡುವದು ಸರಿಯಲ್ಲ. ಆದಕಾರಣ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು, ಮನೆಯ ಪ್ರತಿಯೊಬ್ಬರೂ ಗಣಕಯಂತ್ರದಲ್ಲಿ ಮಾಡುವ ಕೆಲಸಗಳನ್ನು ಬರೆಯಿರಿ. ಅಂತರ್ಜಾಲದ ವೀಕ್ಷಣೆ, ಮಿಂಚಂಚೆ, ಪತ್ರಲೇಖನ, ಲೆಕ್ಕದ ಕೋಷ್ಟಕ, ಛಾಯಾಚಿತ್ರ, ಸಂಗೀತ, ಮಕ್ಕಳ ಪಾಠ, ದೂರದ ಬಂಧುಗಳೊಡನೆ ಮುಖ ನೋಡಿ ಮಾತಾಡುವದು ಇಷ್ಟೇ ಆದರೆ ಲಿನಕ್ಸಿನಲ್ಲಿ ಯಾವ ಕೊರತೆಯೂ ಆಗದು. ಫೈರ್‌ಫಾಕ್ಸ್, ಥಂಡರ್‌ಬರ್ಡ್, ವಿಎಲ್‌ಸಿ ಮೊದಲಾದವು ಅಲ್ಲಿಯೂ ಇವೆ. ಪತ್ರಕ್ಕೂ ಲೆಕ್ಕಕ್ಕೂ ಲಿಬ್ರೆ ಆಫೀಸ್ ಇದೆ. ಅದು ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ತೆರೆಯಬಲ್ಲದು, ಆದರೆ ಜಟಿಲವಾದ ವಿನ್ಯಾಸವುಳ್ಳ ಕಡತಗಳಲ್ಲಿ ಸಾಲುಗಳು ಅಲ್ಲಲ್ಲಿ ಸ್ಥಳ ತಪ್ಪುವದುಂಟು.

ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುವವರು, ಫೋಟೋಶಾಪಿನಿಂದ ಜೀವನ ಮಾಡುವವರು, ಕಚೇರಿಯವರು ವಿಂಡೋಸಿಗೆಂದೇ ಕೊಟ್ಟ ತಂತ್ರಾಂಶವನ್ನು ಬಳಸುವವರು ಪೂರ್ತಿಯಾಗಿ ಬದಲಿಸಬಾರದು. ಯಾಕಂದರೆ ಟ್ಯಾಲಿ, ಫೋಟೋಶಾಪ್, ಯಂತ್ರದಲ್ಲಿ ನೆಲೆಗೊಳಿಸುವ ಮೈಕ್ರೋಸಾಫ್ಟ್ ಆಫೀಸ್ ಇವು ಲಿನಕ್ಸಿಗಾಗಿ ರಚಿತವಾದವುಗಳಲ್ಲ. ವೈನ್ ಎಂಬ ಸಾಧನದಿಂದ ಕೆಲವು ವಿಂಡೋಸ್ ತಂತ್ರಾಂಶಗಳು ನಡೆದಾವು; ಅನ್ನ ಕೊಡುವ ಕೆಲಸವನ್ನು ಅದರ ಮೇಲೆ ನಿಲ್ಲಿಸಬಾರದು. ಮನೆಯಲ್ಲಿಯೇ ಕುಳಿತು ಬರೆಯುವ ಕೆಲವು ಪರೀಕ್ಷೆಗಳ ಕಾವಲು ತಂತ್ರಾಂಶ, ಹಾಗೂ ಗಂಡುಮಕ್ಕಳು ಹಂಬಲಿಸುವ ಕೆಲವು ಆಟಗಳು ಸಹ ಇಲ್ಲಿ ನಡೆಯಲಾರವು. ಸರಕಾರದ ಕೆಲಸಕ್ಕಾಗಿ ಡಿಜಿಟಲ್ ಸಹಿಯ ಸಾಧನವನ್ನು ಇಟ್ಟುಕೊಂಡವರು, ಅದನ್ನು ಮಾರಿದವರನ್ನು ಕೇಳಿದ ತರುವಾಯವೇ ಮುಂದರಿಯಬೇಕು. ಇಂಥವರಿಗೆ ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಳ್ಳುವ ದಾರಿಯುಂಟು.

ಬದಲಿಸುವ ಮನಸ್ಸಿದ್ದವರಿಗೆ ಒಂದು ಸಲಹೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್‌ಗಳನ್ನು ಮೊದಲು ವಿಂಡೋಸಿನಲ್ಲಿಯೇ ಹಾಕಿಕೊಂಡು ಒಂದು ತಿಂಗಳು ಅಭ್ಯಾಸ ಮಾಡಿರಿ. ಆಗ ವ್ಯವಸ್ಥೆಯು ಬದಲಾದ ದಿನ ಕೈಗೆ ಬರುವ ಸಲಕರಣೆಗಳೆಲ್ಲ ಪರಿಚಿತವಾಗಿಯೇ ಇರುವವು. ಮನೆಯ ಹಿರಿಯರಿಗೂ ದಿಗಿಲಾಗದು.

ಸಿದ್ಧತೆ: ಪ್ರತಿಗಳನ್ನು ತೆಗೆದಿಡುವದು

ಈ ಕಾರ್ಯದಲ್ಲಿ ಹಿಂದಿರುಗಲಾಗದ ಹೆಜ್ಜೆಯು ಒಂದೇ. ಹಳೆಯ ವ್ಯವಸ್ಥೆಯನ್ನು ಅಳಿಸಿದಾಗ ಅದರೊಡನೆ ಡಿಸ್ಕಿನ ಮೇಲಿರುವದೆಲ್ಲವೂ ಅಳಿಯುವದು. ಮಗಳ ಮದುವೆಯ ಚಿತ್ರಗಳು, ಅಗಲಿದ ತಾಯಿಯ ಧ್ವನಿಯ ಮುದ್ರಿಕೆ, ಹೊಲಮನೆಯ ಪತ್ರಗಳ ಪ್ರತಿಗಳು ಒಮ್ಮೆ ಹೋದರೆ ಯಾವ ಅಂಗಡಿಯಲ್ಲಿಯೂ ದೊರೆಯವು. ಆದಕಾರಣ ಈ ಭಾಗವನ್ನು ದಯವಿಟ್ಟು ಅವಸರದಿಂದ ದಾಟಬೇಡಿರಿ.

ಎಲ್ಲ ಕಡತಗಳ ಎರಡು ಪ್ರತಿಗಳನ್ನು ಎರಡು ಬೇರೆ ಸಾಧನಗಳಲ್ಲಿ ತೆಗೆಯಬೇಕು. ಒಂದು ಹೊರಡಿಸ್ಕಿನಲ್ಲಿ, ಇನ್ನೊಂದು ಮತ್ತೊಂದು ಡಿಸ್ಕಿನಲ್ಲಿ ಅಥವಾ ಬಂಧುಗಳ ಯಂತ್ರದಲ್ಲಿ. ಪ್ರತಿ ಮಾಡಿದರೆ ಸಾಲದು. ಅವನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಮೇಜಿನ ಮುಖಪುಟದಲ್ಲಿ ಬಿದ್ದಿರುವ ಕಡತಗಳನ್ನೂ, ಡೌನ್‌ಲೋಡ್ ಎಂಬ ಫೋಲ್ಡರನ್ನೂ ಮರೆಯುವದು ಬಹಳ ಸಾಮಾನ್ಯ. ಬ್ರೌಸರಿನಲ್ಲಿ ಕಾದಿಟ್ಟ ಪಾಸ್‌ವರ್ಡುಗಳನ್ನು ಬೇರೆ ಕಡೆ ಬರೆದುಕೊಳ್ಳಬೇಕು. ಈಚಿನ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವು ಡಿಸ್ಕಿಗೆ ಬಿದ್ದಿರುವದುಂಟು. ಎರಡು ವ್ಯವಸ್ಥೆಗಳನ್ನು ಇಡುವವರು ಅದರ ಮರುಪ್ರಾಪ್ತಿಯ ಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳದಿದ್ದರೆ ತಮ್ಮ ಮನೆಗೆ ತಾವೇ ಹೊರಗಾಗುವರು.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಹಿಂದಿನ ವರುಷಗಳಲ್ಲಿ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ವಾಸ್ತವದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಂದಲೇ ಕೂಡಿರುವವು; ಆ ಶೈಲಿಯ ವೇಷವನ್ನು ತೊಡಿಸಿದಾಗ ಮಾತ್ರ ಕನ್ನಡವಾಗಿ ಕಾಣುವವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಗೊಂದಲವಷ್ಟೇ ಕಾಣಸಿಗುವದು. ಯೂನಿಕೋಡಿನಲ್ಲಾದರೋ ಕನ್ನಡದ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಆದುದರಿಂದ ವಿಂಡೋಸನ್ನು ಬಿಡುವ ಮೊದಲೇ ಅಂಥ ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಮಾರ್ಪಡಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ ತಿದ್ದಿ, ಪಿಡಿಎಫ್ ಪ್ರತಿಯೊಂದನ್ನೂ ಜತೆಗಿಡುವದು ಕ್ಷೇಮ.

ಯಾವುದನ್ನು ಆರಿಸಬೇಕು?

ಲಿನಕ್ಸಿನ ತಿರುಳು ಒಂದೇ ಆದರೂ ಅದನ್ನು ಬೇರೆ ಬೇರೆ ಬಳಗದವರು ಬೇರೆ ಬೇರೆ ರೀತಿಯಲ್ಲಿ ಅಣಿಗೊಳಿಸಿ ಕೊಡುವರು. ಇವಕ್ಕೆ ವಿತರಣೆಗಳೆಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್ ಇವುಗಳಲ್ಲಿ ಹಿರಿಯವುಗಳಲ್ಲೊಂದು. 2004ರಲ್ಲಿ ಅದರಿಂದ ಉಬುಂಟು ಹುಟ್ಟಿತು. 2006ರಲ್ಲಿ ಲಿನಕ್ಸ್ ಮಿಂಟ್ ಬಂದಿತು. ಭಾರತ ಸರಕಾರದ ಸಿ-ಡ್ಯಾಕ್ ಸಂಸ್ಥೆಯವರೂ ಡೆಬಿಯನ್ನಿನ ಆಧಾರದ ಮೇಲೆ ಬಾಸ್ ಎಂಬ ವಿತರಣೆಯನ್ನು ನಮ್ಮ ದೇಶಭಾಷೆಗಳಿಗಾಗಿ ನಿರ್ಮಿಸಿದ್ದಾರೆ. ವಿಂಡೋಸಿನ ರೂಢಿಯವರಿಗೆ ಮಿಂಟ್ ಸುಲಭ. ಯಾಕಂದರೆ ಅದರ ಮೆನುವೂ ಕೆಳಗಿನ ಪಟ್ಟಿಯೂ ಕಣ್ಣಿಗೆ ಹಳೆಯ ಪರಿಚಯದಂತೆಯೇ ತೋರುವವು. 2024ರಲ್ಲಿ ಬಂದ ಮಿಂಟ್ 22ಕ್ಕೂ ಉಬುಂಟು 24.04ಕ್ಕೂ 2029ರ ವರೆಗೆ ಪೋಷಣೆಯುಂಟು. ಇವುಗಳಿಗೆ ಹಣ ಕೊಡಬೇಕಾಗಿಲ್ಲ.

4 ಜಿಬಿ ಸ್ಮೃತಿಯುಳ್ಳ ಯಂತ್ರದಲ್ಲಿ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆಯು ಒಪ್ಪುವದು. 8 ಜಿಬಿ ಇದ್ದರೆ ಯಾವುದಾದರೂ ಸುಖವಾಗಿ ನಡೆಯುವದು. ಹಳೆಯ ತಿರುಗುಡಿಸ್ಕನ್ನು ತೆಗೆಯಿಸಿ ಎಸ್‌ಎಸ್‌ಡಿಯನ್ನು ಹಾಕಿಸಿದರೆ, ಹೊಸ ಯಂತ್ರದ ಬೆಲೆಯ ಒಂದಂಶದಲ್ಲಿಯೇ ಯಂತ್ರದ ಚಟುವಟಿಕೆಯು ಬಹಳ ಹೆಚ್ಚುವದು.

ಮನೆ ಹೊಕ್ಕು ನೋಡುವದು

ಬಾಡಿಗೆಗೆ ಮನೆ ಹಿಡಿಯುವ ಮೊದಲು ಒಳಹೊಕ್ಕು ಬಾವಿ, ಬಚ್ಚಲು, ಗಾಳಿಬೆಳಕುಗಳನ್ನು ನೋಡುವದಿಲ್ಲವೇ? ಲಿನಕ್ಸಿನಲ್ಲಿಯೂ ಈ ಸೌಕರ್ಯವಿದೆ. ವಿತರಣೆಯ ಅಧಿಕೃತ ತಾಣದಿಂದ ಐಎಸ್‌ಓ ಎಂಬ ಒಂದೇ ದೊಡ್ಡ ಕಡತವನ್ನು ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ತಾಳೆಯ ಸಂಖ್ಯೆಯೊಡನೆ ಸರಿಹೋಗುವದೇ ಎಂದು ಪರೀಕ್ಷಿಸಿ, ರೂಫಸ್ ಅಥವಾ ಬಲೇನಾ ಎಚರ್ ಎಂಬ ಉಪಕರಣದಿಂದ 16 ಜಿಬಿಯ ಒಂದು ಪೆನ್ ಡ್ರೈವಿಗೆ ಬರೆಯಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವದೆಂಬದು ನೆನಪಿರಲಿ.

ಅದನ್ನು ಯಂತ್ರಕ್ಕೆ ಚುಚ್ಚಿ, ಯಂತ್ರವನ್ನು ಮರಳಿ ಆರಂಭಿಸಿ, ಆರಂಭದ ಮೆನುವಿನ ಕೀಲಿಯನ್ನು ಒತ್ತಬೇಕು. ಈ ಕೀಲಿಯು ತಯಾರಕರನ್ನು ಅನುಸರಿಸಿ ಎಫ್ 12, ಎಫ್ 9, ಎಸ್ಕೇಪ್ ಹೀಗೆ ಬೇರೆ ಬೇರೆಯಾಗಿರುವದು. ಮೆನುವಿನಲ್ಲಿ ಪೆನ್ ಡ್ರೈವನ್ನು ಆರಿಸಿದರೆ, ಒಳಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ಎದ್ದು ನಿಲ್ಲುವದು. ಆಗ ವೈ-ಫೈ ಹಿಡಿಯುವದೇ, ಧ್ವನಿ ಬರುವದೇ, ಕ್ಯಾಮೆರಾ ತೋರುವದೇ, ಮುದ್ರಣಯಂತ್ರವು ಕಾಗದವನ್ನು ಹೊರಡಿಸುವದೇ, ಮುಚ್ಚಿ ತೆರೆದಾಗ ಎಚ್ಚರಗೊಳ್ಳುವದೇ ಎಂದು ಒಂದೊಂದಾಗಿ ನೋಡಿರಿ. ಪೆನ್ ಡ್ರೈವಿನಿಂದ ನಡೆಯುವಾಗ ವೇಗವು ಕಡಿಮೆಯಾಗಿರುವದು ಸಹಜ, ಅದರಿಂದ ನಿರಾಶರಾಗಬೇಡಿರಿ. ಏನಾದರೂ ಒಪ್ಪದಿದ್ದರೆ ಪೆನ್ ಡ್ರೈವನ್ನು ಕಿತ್ತು ಮರಳಿ ಆರಂಭಿಸಿದರೆ, ಹಳೆಯ ವಿಂಡೋಸ್ ಇದ್ದಂತೆಯೇ ಇರುವದು.

ನೆಲೆಗೊಳಿಸುವದು

ಎಲ್ಲವೂ ಸರಿಬಂದರೆ ತೆರೆಯ ಮೇಲಿರುವ ಇನ್‌ಸ್ಟಾಲ್ ಎಂಬ ಚಿಹ್ನೆಯನ್ನು ಒತ್ತಬೇಕು. ಲ್ಯಾಪ್‌ಟಾಪಾದರೆ ವಿದ್ಯುತ್ತಿನ ತಂತಿಯನ್ನು ಚುಚ್ಚಿಟ್ಟಿರಬೇಕು. ಭಾಷೆ, ಕೀಲಿಮಣೆ, ಸ್ಥಳ ಇವುಗಳನ್ನು ಕೇಳಿದ ತರುವಾಯ ಮುಖ್ಯವಾದ ಪ್ರಶ್ನೆಯು ಬರುವದು: ಡಿಸ್ಕನ್ನೆಲ್ಲ ಅಳಿಸಿ ಹೊಸದನ್ನು ಹಾಕಬೇಕೇ, ಅಥವಾ ವಿಂಡೋಸಿನ ಪಕ್ಕದಲ್ಲಿ ಸ್ಥಳ ಮಾಡಿಕೊಂಡು ಹಾಕಬೇಕೇ? ಇದೇ ಆ ಹಿಂದಿರುಗಲಾಗದ ಹೆಜ್ಜೆ. ಎರಡು ಪ್ರತಿಗಳೂ ಯಂತ್ರದಿಂದ ಬೇರೆಯಾಗಿ ಇವೆಯೆಂದು ಕಣ್ಣಾರೆ ಕಂಡು, ಹೊರಡಿಸ್ಕನ್ನು ಕಳಚಿಟ್ಟು, ಆಮೇಲೆ ಉತ್ತರ ಕೊಡಿರಿ.

ಪಕ್ಕದಲ್ಲಿ ಹಾಕುವವರು ವಿಂಡೋಸಿನೊಳಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡನ್ನು ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುವದು, ಲಿನಕ್ಸಿನಿಂದ ಆ ಭಾಗಕ್ಕೆ ಬರೆಯುವದು ಅಪಾಯಕರವಾಗುವದು. ಇಂಥ ಯಂತ್ರಗಳಲ್ಲಿ ಕೆಲವೊಮ್ಮೆ ಗಡಿಯಾರವು ಐದೂವರೆ ತಾಸು ಹಿಂದೆಮುಂದೆ ತೋರುವದುಂಟು. ಇದು ಯಂತ್ರದ ರೋಗವಲ್ಲ. ಒಳಗಿನ ಗಡಿಯಾರವು ನಮ್ಮ ಊರಿನ ಸಮಯವನ್ನು ಹೇಳುತ್ತಿದೆಯೆಂದು ವಿಂಡೋಸ್ ಭಾವಿಸುವದು, ಗ್ರೀನಿಚ್ಚಿಗೆ ಸಮನಾದ ಲೋಕಸಮಯವನ್ನು ಹೇಳುತ್ತಿದೆಯೆಂದು ಲಿನಕ್ಸ್ ಭಾವಿಸುವದು. ಎರಡರ ನಡುವಣ ಅಂತರವೇ ಐದೂವರೆ ತಾಸು. ಒಂದು ಕಡೆ ತಿದ್ದಿದರೆ ಸರಿಹೋಗುವದು.

ಕೊನೆಯಲ್ಲಿ ನಿಮ್ಮ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುವದು. ಇದನ್ನು ಕಾಗದದಲ್ಲಿ ಬರೆದು, ಮನೆಯ ಪತ್ರಗಳನ್ನಿಡುವ ಪೆಟ್ಟಿಗೆಯಲ್ಲಿ ಇಡಿರಿ. ಸಾಮಾನ್ಯ ಯಂತ್ರದಲ್ಲಿ ಅರ್ಧ ತಾಸು ಅಥವಾ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಕೆಲಸವೆಲ್ಲ ಮುಗಿಯುವದು.

ಹೊಸ ಮನೆಯ ರೀತಿನೀತಿ

ಹೊಸದಾಗಿ ಬಂದವರಿಗೆ ನಾಲ್ಕು ವಿಷಯಗಳು ವಿಚಿತ್ರವಾಗಿ ತೋರಬಹುದು. ಮೊದಲನೆಯದು, ಇಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂಬವು ಇಲ್ಲ. ಎಲ್ಲವೂ ಒಂದೇ ಬೇರಿನಿಂದ ಕವಲೊಡೆದ ಮರದಂತೆ ಇರುವದು. ಅದರಲ್ಲಿ ಹೋಮ್ ಎಂಬ ಕೊಂಬೆಯಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಎರಡನೆಯದು, ಇಂಗ್ಲಿಷಿನಲ್ಲಿ ಕಡತಕ್ಕೆ ಹೆಸರಿಡುವಾಗ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಇದು ಬೇರೆಬೇರೆಯಾಗಿ ಎಣಿಸುವದು.

ಮೂರನೆಯದು ಅಧಿಕಾರದ ವಿಷಯ. ದಿನದ ಕೆಲಸದಲ್ಲಿ ನೀವು ಸಾಮಾನ್ಯ ಬಳಕೆದಾರರು. ವ್ಯವಸ್ಥೆಯ ಅಂಗಗಳನ್ನು ಬದಲಿಸಬೇಕಾದಾಗ ಮಾತ್ರ ಅದು ಪಾಸ್‌ವರ್ಡನ್ನು ಕೇಳಿ, ಆ ಒಂದು ಕೆಲಸಕ್ಕೆ ಯಜಮಾನಿಕೆಯನ್ನು ಕೊಡುವದು. ಪ್ರತಿ ಕಡತಕ್ಕೂ ಓದುವ, ಬರೆಯುವ, ನಡೆಯಿಸುವ ಮೂರು ಹಕ್ಕುಗಳಿವೆ. ಅವು ಒಡೆಯನಿಗೆ, ಅವನ ಗುಂಪಿಗೆ, ಉಳಿದವರಿಗೆ ಬೇರೆ ಬೇರೆಯಾಗಿ ಹಂಚಲ್ಪಟ್ಟಿವೆ. ಮನೆಯ ಪ್ರತಿಯೊಬ್ಬರಿಗೂ ಬೇರೆ ಖಾತೆಯನ್ನು ತೆರೆದರೆ, ಕಿರಿಯ ಮಗುವು ಕೀಲಿಮಣೆಯ ಮೇಲೆ ಬೆರಳಾಡಿಸಿದರೂ ಅಕ್ಕನ ಪರೀಕ್ಷೆಯ ಟಿಪ್ಪಣಿಗಳು ಕೆಡುವದಿಲ್ಲ.

ನಾಲ್ಕನೆಯದು, ತಂತ್ರಾಂಶಗಳನ್ನು ಕಂಡಕಂಡ ತಾಣಗಳಿಂದ ಇಳಿಸಿಕೊಳ್ಳಬೇಕಾಗಿಲ್ಲ. ವಿತರಣೆಯವರು ಪರೀಕ್ಷಿಸಿ ಮುದ್ರೆ ಹಾಕಿಟ್ಟ ಉಗ್ರಾಣವೊಂದಿದೆ. ಬೇಕಾದುದನ್ನು ಅಲ್ಲಿಂದ ಹೆಸರು ಹುಡುಕಿ ಪಡೆಯುವದು, ಬೇಡವಾದಾಗ ಅಲ್ಲಿಯೇ ತೆಗೆದುಹಾಕುವದು. ತಿದ್ದುಪಡಿಗಳೂ ಅದೇ ಉಗ್ರಾಣದಿಂದ ಎಲ್ಲಕ್ಕೂ ಒಟ್ಟಿಗೆ ಬರುವವು. ವಾರಕ್ಕೊಮ್ಮೆ ಅವನ್ನು ಸ್ವೀಕರಿಸುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕು. ಮಿಂಟಿನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನವು ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ಗುರುತಿಸಿಡುವದು. ತಿದ್ದುಪಡಿಯಿಂದ ತೊಡಕಾದರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಇದು ನಿಮ್ಮ ಚಿತ್ರಗಳ ಪ್ರತಿಯಲ್ಲ. ಅವುಗಳ ಪ್ರತಿಯನ್ನು ನೀವೇ ತೆಗೆಯುತ್ತಿರಬೇಕು.

ವಿಂಡೋಸಿಗಾಗಿ ರಚಿತವಾದ ವೈರಸುಗಳು ಸಾಮಾನ್ಯವಾಗಿ ಇಲ್ಲಿ ನಡೆಯಲಾರವು. ಹಾಗೆಂದು ಮೈಮರೆಯಬಾರದು. ಬ್ಯಾಂಕಿನವರೆಂದು ಹೇಳಿಕೊಂಡು ಓಟಿಪಿಯನ್ನು ಕೇಳುವ ಮೋಸಗಾರನಿಗೆ ನಿಮ್ಮ ವ್ಯವಸ್ಥೆಯು ಯಾವುದಾದರೇನು? ಅವನು ಯಂತ್ರವನ್ನಲ್ಲ, ನಿಮ್ಮನ್ನು ವಂಚಿಸುವವನು.

ಕನ್ನಡದ ಅನುಕೂಲ

ಕನ್ನಡವನ್ನು ಓದಲೂ ಬರೆಯಲೂ ಲಿನಕ್ಸಿನಲ್ಲಿ ಹಣ ಕೊಟ್ಟು ಏನನ್ನೂ ಕೊಳ್ಳಬೇಕಾಗಿಲ್ಲ. ಲೋಹಿತ್, ನೋಟೋ, ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳು ಉಗ್ರಾಣದಲ್ಲಿವೆ. ಕೀಲಿಮಣೆಯ ಏರ್ಪಾಡಿನಲ್ಲಿ ಕನ್ನಡವನ್ನು ಸೇರಿಸಿದರೆ, ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ನುಡಿಯನ್ನು ಬಳಸಿದವರಿಗೆ ಪರಿಚಿತವಾದ ಕಗಪ ವಿನ್ಯಾಸವೂ ದೊರೆಯುವವು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳೇ ಕಗಪ. ಆದುದರಿಂದ ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯಬೇಕಾದುದು ಸ್ವಲ್ಪವೇ. ಮೆನುಗಳ ಮಾತುಗಳನ್ನೂ ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅನುವಾದವು ಎಲ್ಲೆಡೆ ಪೂರ್ಣವಾಗಿಲ್ಲವಾದ್ದರಿಂದ ಅಲ್ಲಲ್ಲಿ ಇಂಗ್ಲಿಷೂ ಇಣಿಕುವದು. ಒಳ್ಳೆಯ ಕನ್ನಡ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಅನುವಾದಕ್ಕೆ ಕೈಹಚ್ಚಿದರೆ ಅದು ಸಾವಿರಾರು ಮನೆಗಳಿಗೆ ಸಲ್ಲುವ ಸೇವೆಯಾಗುವದು; ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮನೆಯವರೊಡನೆ

ಯಂತ್ರಕ್ಕಿಂತ ಮನುಷ್ಯರ ರೂಢಿಯನ್ನು ಬದಲಿಸುವದು ಕಠಿಣ. ಮನೆಯವರನ್ನು ಕೇಳದೆ ಒಂದು ರಾತ್ರಿಯಲ್ಲಿ ವ್ಯವಸ್ಥೆಯನ್ನು ಬದಲಿಸಿ, ಬೆಳಗ್ಗೆ ಅತ್ತೆಯವರ ಕೈಗೆ ಮೌಸನ್ನು ಕೊಡುವದು ಜಾಣತನವಲ್ಲ. ಅವರು ದಿನವೂ ಒತ್ತುವ ಮೂರು ನಾಲ್ಕು ಚಿಹ್ನೆಗಳನ್ನು ಮೊದಲಿದ್ದ ಸ್ಥಳದಲ್ಲಿಯೇ ಇಟ್ಟು, ಅಕ್ಷರಗಳನ್ನು ದೊಡ್ಡದು ಮಾಡಿ, ಒಂದು ವಾರ ಪಕ್ಕದಲ್ಲಿ ಕುಳಿತು ತೋರಿಸಿದರೆ ಅವರು ವ್ಯತ್ಯಾಸವನ್ನು ಮರೆತುಬಿಡುವರು. ಮಕ್ಕಳಂತೂ ನಮಗಿಂತ ಬೇಗ ಕಲಿಯುವರು.

ಇಂಥ ಕೆಲಸವು ಹೆಂಗಸರಿಂದಾಗದು, ಯಾರಾದರೂ ಹುಡುಗನನ್ನು ಕರೆಯಿಸಬೇಕು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುವದು. ಮೇಲೆ ಹೇಳಿದ ಹೆಜ್ಜೆಗಳನ್ನು ಮತ್ತೊಮ್ಮೆ ಓದಿ ನೋಡಿರಿ: ಪಟ್ಟಿ ಬರೆಯುವದು, ಇದ್ದುದನ್ನು ಎರಡು ಕಡೆ ಭದ್ರವಾಗಿಡುವದು, ರುಚಿ ನೋಡಿ ಒಪ್ಪುವದು, ಕ್ರಮವಾಗಿ ಮಾಡುವದು, ಮಾಡಿದುದನ್ನು ಶುಚಿಯಾಗಿ ಇಟ್ಟುಕೊಳ್ಳುವದು. ಉಪ್ಪಿನಕಾಯಿಯ ಭರಣಿಯನ್ನು ವರುಷವಿಡೀ ಕೆಡದಂತೆ ಕಾಯಬಲ್ಲವಳಿಗೆ ಇದರಲ್ಲಿ ಮೀರಿದುದು ಯಾವುದು? ಸಂದೇಹ ಬಂದರೆ ಕೇಳಲು ಬಳಗಗಳಿವೆ; ಕರ್ನಾಟಕದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಸಂಘವು ವಿದ್ಯಾರ್ಥಿಗಳಿಗಾಗಿ ಶಿಬಿರಗಳನ್ನೂ ನಡೆಯಿಸಿದೆ.

ಇನ್ನೊಂದು ಮಾತು. ಹೊಸ ಯಂತ್ರವನ್ನು ಕೊಂಡು ಹಳೆಯದನ್ನು ಅಟ್ಟದ ಮೇಲೆ ಇಟ್ಟಿರುವವರು ಅನೇಕರಿದ್ದೀರಿ. ಅದನ್ನು ಇಳಿಸಿ, ಧೂಳು ಒರಸಿ, ನಿಮ್ಮ ಕಡತಗಳನ್ನು ತೆಗೆದುಕೊಂಡು, ಡಿಸ್ಕನ್ನು ಪೂರ್ಣವಾಗಿ ಅಳಿಸಿ, ಲಿನಕ್ಸನ್ನು ನೆಲೆಗೊಳಿಸಿರಿ. ನಿಮ್ಮ ಬೀದಿಯಲ್ಲಿಯೇ ಪಾಠಕ್ಕಾಗಿ ತಂದೆಯ ದೂರವಾಣಿಯು ಬರುವ ತನಕ ಸಂಜೆಯೆಲ್ಲ ಕಾಯುವ ಬಾಲಿಕೆಯೊಬ್ಬಳು ಇರಬಹುದು. ಆ ಯಂತ್ರವನ್ನು ಅವಳ ಮನೆಗೆ ಕೊಂಡುಹೋಗಿ, ಪಾಸ್‌ವರ್ಡನ್ನು ಅವಳೇ ಇಟ್ಟುಕೊಳ್ಳುವಂತೆ ಹೇಳಿರಿ.